ಎಂಬತ್ತು ವರ್ಷದ ಪಿನ್ನು

ಮಣಿಯಕ್ಕ ನಡೆದುಹೋಗುವ ಬೀದಿಯಲ್ಲಿ ಎಲ್ಲರೂ ನೆಲ ನೋಡತೊಡಗುತ್ತಾರೆ. ಇದು ಉತ್ಪ್ರೇಕ್ಷೆಯಲ್ಲ, ಕಿಟಕಿಯಲ್ಲಿ ಕೂತು ಎಷ್ಟೋ ಬೆಳಗು ಗಮನಿಸಿ ನಾನು ದೃಢಪಡಿಸಿಕೊಂಡ ಸಂಗತಿ. ಕತ್ತು ಮುಂದಕ್ಕೆ ಬಾಗಿಸಿ, ಎರಡೂ ಕೈಗಳನ್ನು ಬೂದುಬಣ್ಣದ ಉದ್ದ ಕೋಟಿನ ಜೇಬುಗಳಲ್ಲಿ ಹುಗಿದು, ಕಲ್ಲುಹಾಸಿನ ಒಂದೊಂದು ಸಂದನ್ನೂ ಓದುತ್ತ, ಆಗಾಗ ಅಲ್ಪವಿರಾಮ ಹಾಕಿದಂತೆ ನಿಂತು ಮತ್ತೆ ಮುಂದುವರಿಯುವ ಆ ನಡಿಗೆಯಲ್ಲಿ, ಏನೋ ಬೆಲೆಬಾಳುವುದನ್ನು ಕಳೆದುಕೊಂಡವರ ತನ್ಮಯತೆ ಇರುತ್ತದೆ. ಎದುರಿಗೆ ಬಂದವರು ಮೊದಲು ಅವರ ಮುಖ ನೋಡುತ್ತಾರೆ, ಆಮೇಲೆ ತಮ್ಮ ಕಾಲ ಬುಡ ನೋಡಿಕೊಳ್ಳುತ್ತಾರೆ, ಆಮೇಲೆ "ಏನು ಬಿತ್ತು?" ಎಂದು ಕೇಳುತ್ತಾರೆ. ಒಮ್ಮೆ ಮೂಲೆಯ ಔಷಧಿ ಅಂಗಡಿಯವರು, ಶಾಲೆಗೆ ಹೊರಟ ಇಬ್ಬರು ಮೇಷ್ಟರು, ಒಬ್ಬ ಸಂಚಾರಿ ಪೊಲೀಸು ಸೇರಿ ಕಾಲು ಗಂಟೆ ಚರಂಡಿಯ ಅಂಚನ್ನು ಶೋಧಿಸಿದ್ದುಂಟು. ಮಣಿಯಕ್ಕ ಯಾರನ್ನೂ ತಡೆಯಲಿಲ್ಲ. ಕೊನೆಗೆ ಪೊಲೀಸಿಗೆ ನಾಲ್ಕು ತೂತಿನ ಒಂದು ಕಂಚಿನ ಗುಂಡಿ ಸಿಕ್ಕಿತು. ಮಣಿಯಕ್ಕ ಅದನ್ನು ಅಂಗೈಯಲ್ಲಿ ಉರುಳಿಸಿ ನೋಡಿ, "ಪಾಪ, ಎಷ್ಟು ದಿನದಿಂದ ಬಿದ್ದಿತ್ತೋ" ಎಂದು ಜೇಬಿಗಿಳಿಸಿ ಹೊರಟುಬಿಟ್ಟರು.

"ಇದನ್ನೇನಾ ತಾವು ಹುಡುಕ್ತಿದ್ದದ್ದು?" ಎಂದು ಪೊಲೀಸು ಹಿಂದಿನಿಂದ ಕೇಳಿದ.

"ಸಿಕ್ಕಿದ ಮೇಲೆ ಇದನ್ನೇ" ಎಂದರು, ತಿರುಗದೆ.

ಮಣಿಯಕ್ಕ ಎನ್ನುವುದು ಅವರ ಹೆಸರಲ್ಲ. ನಿಜವಾದ ಹೆಸರು ಬಾಡಿಗೆ ಕರಾರಿನಲ್ಲಿದೆ. ಕರೆಯುವವರು ಯಾರೂ ಇಲ್ಲದ್ದರಿಂದ ಅಲ್ಲೇ ಉಳಿದುಕೊಂಡಿದೆ. ಮಣಿ ಪೋಣಿಸುವುದರಿಂದ ಮಣಿಯಕ್ಕ ಎನ್ನುವುದು ಬೀದಿಯವರ ವ್ಯುತ್ಪತ್ತಿ. ಮಣಿಗಾಗಿ ಮಣಿದು ಮಣಿದು ಬೆನ್ನು ಬಾಗಿರುವುದರಿಂದ ಎನ್ನುವುದು ನನ್ನದು. ಇದನ್ನು ಅವರ ಮುಂದೆ ಸಂಭ್ರಮದಿಂದ ಮಂಡಿಸಿದಾಗ ಒಂದು ಕ್ಷಣ ಯೋಚಿಸಿ, "ಬೆನ್ನು ಬಾಗಿರೋದು ಮೇಜು ತಗ್ಗಾಗಿದೆ ಅಂತ" ಎಂದರು. ಅಂದಿನಿಂದ ನನ್ನ ಶ್ಲೇಷೆಗಳನ್ನು ನಾನು ಅವರ ಮೆಟ್ಟಿಲ ಬುಡದಲ್ಲೇ ಚಪ್ಪಲಿಯ ಜೊತೆ ಬಿಟ್ಟು ಹೋಗುತ್ತೇನೆ.

ಒಂಬತ್ತು ವರ್ಷದಿಂದ ಅವರು ನಮ್ಮ ಮನೆಯ ಮೇಲಿನ ಎರಡು ಕೋಣೆಗಳಲ್ಲಿದ್ದಾರೆ. ಒಂದರಲ್ಲಿ ಮಂಚ, ಇನ್ನೊಂದರಲ್ಲಿ ಕೆಲಸ. ಕೆಲಸದ ಮೇಜಿನ ಅಂಚನ್ನು ಅರ್ಧಚಂದ್ರಾಕಾರವಾಗಿ ಕತ್ತರಿಸಿ, ಅದರಡಿ ಒಂದು ಚರ್ಮದ ಜೋಳಿಗೆ ಕಟ್ಟಿದ್ದಾರೆ. ಅರದಿಂದ ಉದುರುವ ಬೆಳ್ಳಿಯ ಪುಡಿ ನೆಲಕ್ಕೆ ಬೀಳದೆ ಅದರ ಮಡಿಲಿಗೆ ಬೀಳುತ್ತದೆ. ಮೇಜಿನ ಮೇಲೆ ಹನ್ನೊಂದು ಇಕ್ಕಳ, ಇದ್ದಿಲ ಹಲಗೆ, ಬಾಯಲ್ಲಿ ಕಚ್ಚಿ ಊದುವ ಹಿತ್ತಾಳೆಯ ಊದುಗೊಳವೆ. ಗೋಡೆಯುದ್ದಕ್ಕೂ ಬಿಸ್ಕತ್ತಿನ ಡಬ್ಬಗಳು; ಒಂದರಲ್ಲಿ ಬರೀ ಕೊಕ್ಕೆ, ಒಂದರಲ್ಲಿ ಗಡಿಯಾರದ ಸರಪಳಿ, ಒಂದರಲ್ಲಿ ಜೋಡಿ ಕಳೆದುಕೊಂಡ ಓಲೆಗಳು. ಆ ಡಬ್ಬದಲ್ಲಿ ಇನ್ನೂರಕ್ಕೆ ಕಡಿಮೆಯಿಲ್ಲದಷ್ಟು ಓಲೆಗಳಿದ್ದವು. ಅಂಚೆಯವನು ಅವರಿಗೆ ತಂದುಕೊಟ್ಟ ಓಲೆ ಮಾತ್ರ ಈ ಒಂಬತ್ತು ವರ್ಷದಲ್ಲಿ ಒಂದನ್ನೂ ನಾನು ಕಂಡಿರಲಿಲ್ಲ. ಕುರ್ಚಿಗಳು ಎರಡು. ಎರಡನೆಯದರ ಮೇಲೆ ಯಾವಾಗಲೂ ಒಂದು ಡಬ್ಬ ಕೂತಿರುತ್ತಿತ್ತು. ಹೋದವರು ಡಬ್ಬವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂರಬೇಕು, ಏಳುವಾಗ ಮತ್ತೆ ಅದನ್ನು ಅದರ ಜಾಗದಲ್ಲಿ ಕೂರಿಸಬೇಕು. ಬೇರೆಯವರ ಕೂಸನ್ನು ಸ್ವಲ್ಪ ಹೊತ್ತು ಎತ್ತಿಕೊಂಡು ಹಿಂದಿರುಗಿಸಿದ ಹಾಗೆ ಅನಿಸುತ್ತಿತ್ತು ನನಗೆ.

ಆ ಕೋಟಿನ ಕಥೆಯೂ ಅಂಥದ್ದೇ. ಅದು ಗಂಡಸರ ಕೋಟು. ಭಾನುವಾರದ ಹಳೆ ಸಾಮಾನಿನ ಸಂತೆಯಲ್ಲಿ ಕೊಂಡದ್ದು. ಒಳಜೇಬಿನಲ್ಲಿ ಯಾರೋ ಬಿಟ್ಟ ಬಸ್ ಟಿಕೀಟೊಂದು, ಅಕ್ಷರಗಳೆಲ್ಲ ಮಾಸಿ, ಇಂದಿಗೂ ಇದೆ. ತೆಗೆದು ಎಸೆಯಬಾರದೇ ಎಂದು ಕೇಳಿದ್ದೆ. "ಅದು ಕೋಟಿನದು, ನನ್ನದಲ್ಲ" ಎಂದರು, ಯಾರದೋ ಮನೆಯಲ್ಲಿ ತಾನು ಅತಿಥಿ ಎನ್ನುವ ಸಂಕೋಚದಲ್ಲಿ.

'ಪಾಪ' ಎನ್ನುವ ಮಾತು ಅವರ ಬಾಯಲ್ಲಿ ದಿನಕ್ಕೆ ನೂರು ಸಲ ಬರುತ್ತದೆ, ಆದರೆ ಅದನ್ನು ಅವರು ವಸ್ತುಗಳಿಗಾಗಿ ಮೀಸಲಿಟ್ಟಿದ್ದಾರೆ. ಪಾಪ, ಇದರ ಕೊಂಡಿ ಸವೆದಿದೆ. ಪಾಪ, ಈ ಉಂಗುರಾನ ಯಾರೋ ದಪ್ಪ ಬೆರಳಿನವರಿಗೆ ಹಿಗ್ಗಿಸಿದಾರೆ. ನಮ್ಮ ಪಕ್ಕದ ಮನೆಯಾಕೆ ಮೆಟ್ಟಿಲಿಂದ ಉರುಳಿ ಸೊಂಟ ನೋಯಿಸಿಕೊಂಡಾಗ ಮಣಿಯಕ್ಕ ನೋಡಲು ಬಂದವರು, ಆಕೆ ಬೀಳುವಾಗ ಹಿಡಿದುಕೊಂಡಿದ್ದ ಹಿತ್ತಾಳೆ ಕಂಬಿ ಬಾಗಿರುವುದನ್ನು ಕಂಡು ಅದರ ಮೇಲೆ ಕೈಯಾಡಿಸಿ "ಪಾಪ" ಎಂದರಂತೆ. ಆಕೆ ಇವತ್ತಿಗೂ ಅದನ್ನು ಕ್ಷಮಿಸಿಲ್ಲ. ಆದರೆ ಮಾರನೆಯ ವಾರ ಕಂಬಿ ನೆಟ್ಟಗಾಗಿತ್ತು, ಅದರ ತುದಿಯಲ್ಲಿ ಸೊಂಟ ನೋವಿನವರು ಊರಿಕೊಂಡು ಏಳುವುದಕ್ಕೆ ಒಂದು ಹೊಸ ಹಿಡಿಯೂ ಬಂದಿತ್ತು. ಯಾರು ಮಾಡಿದ್ದೆಂದು ಯಾರೂ ಹೇಳಲಿಲ್ಲ.

ಸಂತೆಯಲ್ಲಿ ಅವರಿಗೊಬ್ಬ ಗುಜರಿಯವನಿದ್ದ. ಖಾಲಿಯಾದ ಮನೆಗಳ ಸಾಮಾನನ್ನು ಸಗಟಾಗಿ ಹೊತ್ತುತಂದು, ಬಸ್ ನಿಲ್ದಾಣದ ಹಿಂದಿನ ಬಯಲಲ್ಲಿ ನೀಲಿ ತಾಡಪತ್ರಿ ಹಾಸಿ ಹರವುವವನು. ಭಾನುವಾರ ಬೆಳಗ್ಗೆ ಮಣಿಯಕ್ಕ ಅದರ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತರೆಂದರೆ, ಬೆರಳುಗಳು ಮಾತ್ರ ಚಲಿಸುತ್ತವೆ. ಒಂದು ಲಾಕೆಟ್ಟನ್ನು ಎತ್ತಿ ಬೆಳಕಿಗೆ ಹಿಡಿದು, ಅದರ ಮೂಲೆಯಲ್ಲಿದ್ದ ಹಲ್ಲಿನ ಗುರುತು ನೋಡಿ, ಇದನ್ನು ಹಾಕಿಕೊಂಡವಳು ಮಗುವನ್ನು ಬಲಭುಜದ ಮೇಲೆ ಮಲಗಿಸುತ್ತಿದ್ದಳು ಎಂದು ಹೇಳಬಲ್ಲರು. ನನ್ನ ಕತ್ತಿನ ಸರವನ್ನು ಒಮ್ಮೆ ನೋಡಿ, "ನೀವು ಬರೆಯೋವಾಗ ಇದನ್ನ ಕಚ್ಚುತೀರ" ಎಂದರು. ಹೌದು. ಇಪ್ಪತ್ತು ವರ್ಷ ಜೊತೆಗಿರುವ ಗಂಡನಿಗೆ ಅದು ಗೊತ್ತಿರಲಿಲ್ಲ.

ಇಷ್ಟೆಲ್ಲ ಬಲ್ಲವರು ಒಂದು ಪ್ರಶ್ನೆಯನ್ನು ಮಾತ್ರ ಕೇಳುತ್ತಿರಲಿಲ್ಲ. ಗುಜರಿಯವನು ಮೊದಮೊದಲು ವ್ಯಾಪಾರದ ಉತ್ಸಾಹದಲ್ಲಿ, ಇದು ಇಂಥ ಮನೆಯದು, ಇಂಥ ಅಜ್ಜಿಯದು ಎಂದು ಶುರುಮಾಡಿದರೆ ಕೈ ಎತ್ತಿ ನಿಲ್ಲಿಸುತ್ತಿದ್ದರು. "ಯಾರದು ಅಂತ ಹೇಳಬೇಡ. ಕೇಳಿದ್ರೆ ವಾಪಸ್ ಕೊಡಬೇಕು ಅನ್ನಿಸುತ್ತೆ." ಹೀಗೆ ಯಾರದೂ ಅಲ್ಲದ ವಸ್ತುಗಳು ಮೆಟ್ಟಿಲೇರಿ ಬಂದು, ಡಬ್ಬಗಳಲ್ಲಿ ವರ್ಷಗಟ್ಟಲೆ ಕಾದು, ಒಂದು ದಿನ ಯಾವುದೋ ಕಂಠೀಹಾರದಲ್ಲಿ, ಗಡಿಯಾರದ ಮುಳ್ಳಿನ ಪಕ್ಕ ಗಾಜಿನ ಹರಳಾಗಿ, ಹಳೆ ಬೀಗದ ಕೈಯ ಪಕ್ಕ ಒಂಟಿ ಓಲೆಯಾಗಿ ಕೂರುತ್ತಿದ್ದವು. ಉಜ್ಜಿ ಹೊಳಪು ಕೊಡುವ ಪದ್ಧತಿ ಇಲ್ಲ. ಮಗಳ ಮದುವೆಗೆಂದು ಸರ ಮಾಡಿಸಿಕೊಂಡ ಹೆಂಗಸೊಬ್ಬರು ಇನ್ನೂ ಸ್ವಲ್ಪ ಹೊಳೆಯಬೇಕಿತ್ತು ಎಂದು ಗೊಣಗಿದಾಗ, "ಹೊಳಪು ಬೇಕಾದ್ರೆ ಸ್ಟೀಲ್ ಲೋಟ ತಗೊಳ್ಳಿ" ಎಂದು ಸರವನ್ನು ವಾಪಸ್ ಡಬ್ಬಕ್ಕೆ ಹಾಕಲು ಹೋಗಿದ್ದರು. ಇಡಿಯಾಗಿರುವ ಹಳೆಯ ವಸ್ತುವನ್ನು ಬಿಚ್ಚುವುದೂ ಇಲ್ಲ. ಮುರಿದದ್ದಕ್ಕೆ ಮಾತ್ರ ಅವರ ಇಕ್ಕಳ. ಈ ಕಟ್ಟುನಿಟ್ಟು ಎಲ್ಲಿಂದ ಬಂತೆಂದು ನನಗೆ ತಿಳಿದದ್ದು ಹೋದ ವರ್ಷ, ಎಲೆಯಾಕಾರದ ಒಂದು ಪಿನ್ನಿನಿಂದ.

ಕೋಟಿನ ಎದೆಗೆ ಚುಚ್ಚಿಕೊಳ್ಳುವಂಥ ಪಿನ್ನು ಅದು. ಹಿತ್ತಾಳೆಯ ಮೂರು ಎಲೆ, ನಡುವೆ ನೇರಳೆ ಹಣ್ಣಿನಷ್ಟು ದೊಡ್ಡ ನೀಲಿ ಗಾಜಿನ ಕಲ್ಲು. ಸಂತೆಯಿಂದ ಬಂದವರು ಮೇಲೆ ಹೋಗದೆ ನೇರ ನಮ್ಮ ಅಡುಗೆಮನೆಗೆ ನುಗ್ಗಿ, ನಾನು ತೊಳೆಯುತ್ತಿದ್ದ ಪಾತ್ರೆಗಳ ನಡುವೆ ಅದನ್ನಿಟ್ಟರು. ಅವರ ಕೆನ್ನೆ ಕೆಂಪಾಗಿದ್ದದ್ದನ್ನು ನೋಡಿದ್ದು ನಾನು ಅದೇ ಮೊದಲು.

"ಎಂಬತ್ತು ವರ್ಷಕ್ಕೆ ಕಡಿಮೆಯಿಲ್ಲ" ಎಂದರು. "ಈ ಬೆಸುಗೆ ನೋಡಿ. ಮುದ್ದೆಮುದ್ದೆ. ಯಾವನೋ ಮುದುಕ ಮಾಡಿರೋದು, ಕೈ ನಡುಗ್ತಾ ಇದ್ದಿರಬೇಕು. ಆದ್ರೂ ಎಲೆ ಬಗ್ಗಿಸಿರೋ ಧೈರ್ಯ ನೋಡಿ. ಈಗಿನವರಿಗೆ ಬರಲ್ಲ ಇದು. ನನಗೂ ಬರಲ್ಲ."

ನನಗೆ ಕಂಡದ್ದು ಒಂದು ಡೊಂಕು ಎಲೆ. ಆದರೆ ಸುಮ್ಮನಿದ್ದೆ, ಕಾನ್ವೆಂಟಿನಲ್ಲಿ ಕಲಿತ ವಿದ್ಯೆಗಳಲ್ಲಿ ಇಂದಿಗೂ ಉಪಯೋಗಕ್ಕೆ ಬರುವುದು ಅದೊಂದೇ.

ಆಮೇಲೆ ಪಿನ್ನನ್ನು ಮಗುಚಿ ಹಿಂಬದಿಯ ಮುಳ್ಳನ್ನು ತೋರಿಸಿದರು. ಬುಡದಲ್ಲಿ ದಪ್ಪಗಿದ್ದ ತಂತಿ ಮಧ್ಯಕ್ಕೆ ಬರುವಷ್ಟರಲ್ಲಿ ಸವೆದು ಸವೆದು ನೂಲಿನಷ್ಟಾಗಿತ್ತು. "ಹಾಕ್ಕೊಂಡವಳು ದಿನಾ ಹಾಕ್ಕೊಂಡಿದಾಳೆ. ಒರಟು ಉಣ್ಣೆ ಬಟ್ಟೆಗೆ. ವರ್ಷಾನುಗಟ್ಟಲೆ. ಎಷ್ಟು ಇಷ್ಟ ಇದ್ರೆ ಹೀಗೆ ಸವೀಬೇಕು." ಆಮೇಲೆ, ಪಾತ್ರೆ ತೊಳೆಯುವ ನೀರಿಗೆ ಹೇಳುವ ಹಾಗೆ, "ನಾನು ಮಾಡಿದ್ದನ್ನ ಯಾರೂ ಇಷ್ಟು ಹಾಕ್ಕೊಂಡಿಲ್ಲ" ಎಂದರು.

ಹದಿನೈದು ದಿನ ಆ ಪಿನ್ನು ಅವರ ಮೇಜಿನ ಮೇಲೆ, ಅವರು ಕಂಡರಿಯದ ಮುದುಕನ ಗೌರವಾರ್ಥ, ಒಂದು ಬಿಳಿ ಬಟ್ಟೆಯ ಮೇಲೆ ವಿರಾಜಮಾನವಾಗಿತ್ತು. ಹೋದಾಗಲೆಲ್ಲ ಮುದುಕನ ಬಗ್ಗೆ ಹೊಸದೊಂದು ಸಂಗತಿ ತಿಳಿಯುತ್ತಿತ್ತು. ಅವನಿಗೆ ಕಣ್ಣು ಮಂದ. ಅವನು ಇದ್ದಿಲು ಉಳಿಸುವವನು. ಅವನಿಗೆ ಹೆಂಡತಿ ಇಲ್ಲ, ಇದ್ದಿದ್ದರೆ ಇಷ್ಟು ದೊಡ್ಡ ಕಲ್ಲು ಬೇಡ ಎನ್ನುತ್ತಿದ್ದಳು. ಆ ಮನೆಯಲ್ಲಿ ಮೂರನೆಯ ಕುರ್ಚಿ ಇದ್ದಿದ್ದರೆ ಮುದುಕನನ್ನು ಕೂರಿಸಿ ಚಹಾ ಕೊಡುತ್ತಿದ್ದರೇನೋ.

ಆದರೆ ನೂಲಿನಂತಾದ ಮುಳ್ಳು ಇಂದೋ ನಾಳೆಯೋ ಮುರಿಯುವುದಿತ್ತು. ಮುರಿಯುವ ಮೊದಲೇ ಬದಲಿಸಿಬಿಡೋಣವೆಂದು, ತಮ್ಮ ನಿಯಮವನ್ನು ಒಂದೇ ಒಂದು ಎಳೆಯಷ್ಟು ಸಡಿಲಿಸಿ, ಒಂದು ಬುಧವಾರ ಬೆಳಗ್ಗೆ ಕೆಲಸಕ್ಕೆ ಕೂತರು. ಬೆಂಕಿ ತಗುಲಿದರೆ ಗಾಜು ಸೀಳುತ್ತದೆಂದು ಮೊದಲು ಕಲ್ಲನ್ನು ಬಿಡಿಸಿ ಬಟ್ಟೆಯ ಮೇಲಿಟ್ಟರು. ಊದುಗೊಳವೆ ಕಚ್ಚಿ, ಮುಳ್ಳಿನ ಬುಡಕ್ಕಷ್ಟೇ ಜ್ವಾಲೆ ಹಾಯಿಸಿದರು. ಸರಿಯಾಗಿ ಬೆಸೆದದ್ದಾಗಿದ್ದರೆ ಮುಳ್ಳೊಂದೇ ಕಳಚಬೇಕಿತ್ತು. ಈ ಮುದ್ದೆ ಬೆಸುಗೆ ಒಂದೇ ಸಲ ಕರಗಿ, ಮೂರೂ ಎಲೆಗಳು ಇದ್ದಿಲ ಮೇಲೆ ಬೇರೆಬೇರೆಯಾಗಿ ಮಲಗಿದವು. ಮುದುಕನನ್ನು ಬೈದುಕೊಂಡು, ಕಲ್ಲನ್ನಾದರೂ ಶುಚಿಮಾಡೋಣವೆಂದು ಮಗುಚಿ, ಅದರ ಬೆನ್ನಿಗಂಟಿದ್ದ ಕಪ್ಪು ಕಿಟ್ಟವನ್ನು ಸೂಜಿಯಿಂದ ಕೆರೆದರು. ಗಾಜಿಗೆ ಕಾಂತಿ ಬರಲೆಂದು ಹಿಂದೆ ಬೆಳ್ಳಿ ಹಾಳೆ ಇಡುವುದುಂಟು. ಇಲ್ಲಿ ಇಟ್ಟದ್ದು ಪೆಪ್ಪರಮೆಂಟಿನ ಹಾಳೆ. ಅದರ ಮೇಲೆ ಅರ್ಧ ಗಿಳಿಯ ಚಿತ್ರವಿತ್ತು.

ಮೇಲಿನಿಂದ ಅವರು ನನ್ನನ್ನು ಕೂಗಿ ಕರೆದದ್ದು ಒಂಬತ್ತು ವರ್ಷದಲ್ಲಿ ಅದೊಂದೇ ಸಲ. ಹೋದಾಗ ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು, "ಗಿಳಿ ತಾನೆ?" ಎಂದು ಕೇಳಿದರು.

"ಗಿಳಿಯೇ. ಕೊಕ್ಕು ಕಾಣ್ತಿದೆ."

"ಮುದುಕ ನಾನೇ" ಎಂದರು.

ನಾನು ನಕ್ಕುಬಿಟ್ಟೆ. ಅವರ ಮುಖ ನೋಡಿದ ಮೇಲೆ ನಿಲ್ಲಿಸಿದೆ.

ಆ ಪಿನ್ನನ್ನು ಅವರೇ ಮಾಡಿದ್ದು, ಮೂವತ್ತೇಳು ವರ್ಷದ ಹಿಂದೆ, ಹತ್ತೊಂಬತ್ತರ ವಯಸ್ಸಿನಲ್ಲಿ. ಕೈಯಾರೆ ಬೆಸೆದ ಮೊದಲ ವಸ್ತು. ಹದಿನಾಲ್ಕರ ತಂಗಿ ಪಕ್ಕದಲ್ಲಿ ಕೂತು, ಪೆಪ್ಪರಮೆಂಟು ತಿಂದು, ಹಾಳೆಯನ್ನು ಉಗುರಿನಿಂದ ನುಣುಪು ಮಾಡಿ ಕೊಟ್ಟಿದ್ದಳು. ಗಿಳಿಯ ಯಾವ ಅರ್ಧ ಒಳಗೆ ಹೋಗಬೇಕೆಂದು ಇಬ್ಬರಿಗೂ ಜಗಳವಾಗಿತ್ತು. ಪಿನ್ನು ತಂಗಿಯ ಹುಟ್ಟುಹಬ್ಬಕ್ಕೆ. ತಾನು ಮಾಡಿದ್ದನ್ನು ತಾನೇ ಗುರುತಿಸಲಾರದೆ, ಅದಕ್ಕೊಬ್ಬ ಮುದುಕನನ್ನು ಕಲ್ಪಿಸಿ, ಅವನ ನಡುಗುವ ಕೈಗೆ ಹದಿನೈದು ದಿನ ನಮಸ್ಕಾರ ಮಾಡಿದ್ದರು ನಮ್ಮ ಮಣಿಯಕ್ಕ. ಹಳೆಯದರ ಮೇಲೆ ಅಷ್ಟು ಪ್ರೀತಿಯಿರುವವರು ಮಾತ್ರ ಇಂಥ ತಪ್ಪು ಮಾಡಬಲ್ಲರು: ಎಂಬತ್ತು ವರ್ಷದ ಕೈ ನಡುಗುವುದೂ ಹತ್ತೊಂಬತ್ತರ ಕೈ ನಡುಗುವುದೂ ಹಿತ್ತಾಳೆಯ ಮೇಲೆ ಒಂದೇ ರೀತಿ ಕಾಣುತ್ತದೆಂದು ಅವರಿಗೆ ಹೊಳೆಯುವುದಿಲ್ಲ.

ಆ ತಂಗಿಯೊಡನೆ ಮಾತು ನಿಂತು ಹದಿನಾರು ವರ್ಷವಾಗಿತ್ತು. ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತ ನನಗೆ ಅದನ್ನು ಅವರು ಹೇಳಿದ್ದು ಹತ್ತು ವಾಕ್ಯಗಳಲ್ಲಿ. ತಾಯಿ ತೀರಿಕೊಂಡಾಗ ಉಳಿದದ್ದು ಒಂದು ಸರ. ಇಬ್ಬರು ಮಕ್ಕಳಿಗೆ ಒಂದು ಸರ. ಕೈಯಲ್ಲಿ ಕಸುಬಿದ್ದ ಅಕ್ಕ, ಯಾರನ್ನೂ ಕೇಳದೆ, ಅದನ್ನು ಕರಗಿಸಿ ಎರಡು ಮಾಡಿದರು. "ಒಂದು ಗುಲಗಂಜಿ ಹೆಚ್ಚುಕಡಿಮೆ ಇರಲಿಲ್ಲ. ಚೆನ್ನಾಗೂ ಇತ್ತು. ಮೊದಲಿನದ್ದಕ್ಕಿಂತ ಚೆನ್ನಾಗಿತ್ತು." ತಂಗಿ ತನ್ನ ಪಾಲನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳಂತೆ. ಆಮೇಲೆ ಕೇಳಿದಳಂತೆ: "ಇದರಲ್ಲಿ ಅಮ್ಮನ ಕತ್ತು ಎಲ್ಲಿದೆ?"

ನಲವತ್ತು ವರ್ಷ ಒಂದೇ ಕತ್ತಿನ ಮೇಲೆ ಮಲಗಿದ ಸರಕ್ಕೆ ಆ ಕತ್ತಿನ ಬಾಗು ಬಂದಿರುತ್ತದೆ. ಅದು ಅಕ್ಕನಿಗೆ ಗೊತ್ತಾದದ್ದು ಕರಗಿಸಿದ ಮೇಲೆ. ಅಲ್ಲಿಂದ ಮುಂದೆ ಅವರು ಇಡಿಯಾದದ್ದನ್ನು ಬಿಚ್ಚಲಿಲ್ಲ, ಯಾವುದನ್ನೂ ಉಜ್ಜಲಿಲ್ಲ, ಯಾರದೆಂದು ಕೇಳಲೂ ಇಲ್ಲ.

ಈಗ ಕೇಳದೆ ಗತಿಯಿರಲಿಲ್ಲ. ಗುಜರಿಯವನ ತಾಡಪತ್ರಿಯ ಮೇಲೆ ಬರುವುದು ಹೆಚ್ಚಾಗಿ ತೀರಿಕೊಂಡವರ ಸಾಮಾನು. ತಂಗಿ ಇದೇ ಊರಿನ ಆಚೆ ತುದಿಯಲ್ಲಿ, ಬಸ್ಸಿನಲ್ಲಿ ನಲವತ್ತು ನಿಮಿಷದ ದಾರಿಯಲ್ಲಿದ್ದಳು, ಇದ್ದರೆ. ನಾನು ಓದಿದ ಕಾನ್ವೆಂಟಿನಲ್ಲಿ ಹನ್ನೆರಡು ಮಂದಿ ಸಿಸ್ಟರುಗಳಿದ್ದರು, ದಿನಕ್ಕೆ ನೂರು ಸಲ ಕರೆಯುತ್ತಿದ್ದೆವು, ಈಕೆಗಿದ್ದ ಸಿಸ್ಟರು ಈ ತಂಗಿ ಒಬ್ಬಳೇ.

"ಫೋನ್ ಮಾಡಿ" ಎಂದೆ.

"ಎತ್ತದೆ ಇದ್ರೆ?"

"ಎತ್ತಿದ್ರೆ?"

ಅದಕ್ಕೆ ಅವರು ಇನ್ನೂ ಹೆಚ್ಚು ಹೆದರಿದಂತೆ ಕಂಡಿತು. ಮನುಷ್ಯರಿಗಿಂತ ಗುಜರಿಯವನನ್ನು ಕೇಳುವುದು ಸುಲಭವೆಂದು ಭಾನುವಾರದವರೆಗೆ ಕಾದರು. ಆ ಮೂರು ದಿನ ಮೇಲಿನಿಂದ ಅರದ ಸದ್ದು ಬರಲಿಲ್ಲ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಕೆಳಗೆ ಬಂದು, ಬಾಗಿಲಲ್ಲಿ ನಿಂತು, ಏನೂ ಬೇಡವೆಂದು ಹೇಳಿ ಹೋಗುತ್ತಿದ್ದರು. ಸಮಾಧಾನಕ್ಕೆಂದು, ನೀವೇ ಹೇಳಿದ್ದಲ್ಲವೇ, ದಿನಾ ಹಾಕ್ಕೊಂಡಿದಾಳೆ ಅಂತ, ಎಂದೆ. "ಹಾಕ್ಕೊಂಡಿದ್ದು ನಿಜ. ಬಿಟ್ಟಿದ್ದು ಯಾವಾಗ ಅಂತ ಮುಳ್ಳು ಹೇಳಲ್ಲ" ಎಂದರು.

ಭಾನುವಾರ ನಾನೂ ಜೊತೆಗೆ ಹೋದೆ. ಅಂದು ಅವರು ಬೀದಿಯಲ್ಲಿ ನೆಲ ನೋಡದೆ ನಡೆದರು. ಎರಡು ಕಡೆ ಎಡವಿದರು.

ಗುಜರಿಯವನು ಒಂದು ಮುರುಕು ದೀಪದ ಬುಡವನ್ನು ಒರೆಸುತ್ತ ಕೂತಿದ್ದ. ಮಣಿಯಕ್ಕ ಕುಕ್ಕರಗಾಲಲ್ಲಿ ಕೂರದೆ ನಿಂತೇ ಕೇಳಿದರು: "ಆ ಎಲೆ ಪಿನ್ನು ಯಾರದು?"

ಅವನು ತಲೆಯೆತ್ತಿ, ಇವರನ್ನು ನೋಡಿ, ನನ್ನನ್ನು ನೋಡಿ, ಮತ್ತೆ ಇವರನ್ನು ನೋಡಿದ. "ಯಾರದೋ ಏನೋಮ್ಮ."

"ನೆನಪು ಮಾಡ್ಕೊ."

"ನೀವೇ ಹೇಳಿದ್ರಲ್ಲಮ್ಮ, ಯಾರದು ಅಂತ ಹೇಳಬೇಡ ಅಂತ. ಮೊದಲು ಗುರುತಿಟ್ಕೋತಿದ್ದೆ, ಯಾವ ಮನೆ, ಯಾವ ಡಬ್ಬ ಅಂತ. ನಿಮಗೆ ಬೇಡದೆ ಇದ್ದ ಮೇಲೆ ಇನ್ಯಾರಿಗೆ ಬೇಕು ಅಂತ ನಾನೂ ಬಿಟ್ಟೆ. ಈಗ ಎಲ್ಲಾ ಒಂದೇ ಚೀಲಕ್ಕೆ ಸುರೀತೀನಿ."

"ಆ ವಾರ ಎಷ್ಟು ಮನೆಗೆ ಹೋಗಿದ್ದೆ?"

ಅವನು ದೀಪದ ಬುಡವನ್ನು ಕೆಳಗಿಟ್ಟು ಬೆರಳು ಮಡಿಸಿದ. "ಮೂರು. ಎರಡು ಕಡೆ ಸಾವು. ಒಂದು ಕಡೆ ಗೋಡೆಗೆ ಬಣ್ಣ ಹೊಡೆಸ್ತಿದ್ರು, ಡ್ರಾಯರು ಗೀಯರು ಖಾಲಿ ಮಾಡಿದ್ರು." ಮತ್ತೆ, ತಾನೇನೋ ಕಡಿಮೆ ಕೊಟ್ಟೆನೆಂಬಂತೆ, "ಕೂತ್ಕೊಳ್ಳಿ ಅಮ್ಮ, ಇವತ್ತು ಒಳ್ಳೆ ಸರಪಳಿ ಬಂದಿದೆ" ಎಂದ.

ಅವರು ಸರಪಳಿಯನ್ನು ನೋಡಲಿಲ್ಲ. ಹಿಂದಿರುಗುವಾಗ ಬಸ್ ನಿಲ್ದಾಣದ ಹತ್ತಿರ ನಿಂತು, "ಮೂರರಲ್ಲಿ ಎರಡು" ಎಂದರು. ಮನೆಗೆ ಬಂದ ಮೇಲೆ ನನ್ನ ಫೋನು ಕೇಳಿದರು. ತಮ್ಮ ನಂಬರು ಕಂಡರೆ ಎತ್ತಲಿಕ್ಕಿಲ್ಲ ಎಂದು. ತಂಗಿಯ ನಂಬರನ್ನು ಎಲ್ಲೂ ನೋಡದೆ ಒತ್ತಿದರು. ಮಧ್ಯಾಹ್ನದ ಬಿಸಿಲು ಅಡುಗೆಮನೆಯ ನೆಲದ ಮೇಲೆ ಚೌಕವಾಗಿ ಬಿದ್ದಿತ್ತು. ಅವರು ಅದರ ಅಂಚಿನಲ್ಲಿ, ಒಳಗೆ ಕಾಲಿಡದೆ ನಿಂತಿದ್ದರು. ಹಳೆಯ ಫೋನು, ಆ ಕಡೆಯ ದನಿ ನನಗೂ ಕೇಳಿಸುತ್ತಿತ್ತು. ಎದ್ದುಹೋಗಬೇಕಿತ್ತು. ಹೋಗಲಿಲ್ಲ.

ಐದು ಸಲ ಗಂಟೆಯಾಯಿತು.

"ಯಾರು?"

ಮಣಿಯಕ್ಕನ ಬೆರಳುಗಳು ಕೋಟಿನ ಗುಂಡಿಯನ್ನು ಹಿಡಿದವು. "ನಾನು."

ಆ ಕಡೆ ಕುರ್ಚಿ ಎಳೆದ ಸದ್ದು. "ಏನು?"

"ಎಲೆ ಪಿನ್ನು ಗುಜರೀಲಿ ಸಿಕ್ತು."

"ಹೂಂ. ಬಣ್ಣ ಹೊಡೆಸಿದ್ವಿ. ಡ್ರಾಯರ್ ಖಾಲಿ ಮಾಡಿದೆ."

"ನೀನೇ ಕೊಟ್ಯಾ?"

"ನಾನೇ ಕೊಟ್ಟೆ. ಚುಚ್ಚುತ್ತೆ ಅದು. ಮೊದಲಿಂದಾನೂ ಚುಚ್ಚುತ್ತಿತ್ತು. ಕೋಟು ಹರಿದುಹೋಗೋವರೆಗೂ ಹಾಕ್ಕೊಂಡೆ, ಇನ್ನೆಷ್ಟು ದಿನ ಚುಚ್ಚಿಸ್ಕೊಳ್ಳಲಿ."

"ಚುಚ್ಚುತ್ತೆ ಅಂತ ಹೇಳಬೇಕಿತ್ತು."

"ಹೇಳಿದ್ರೆ ನೀನು ಬಿಚ್ಚಿ ಬೇರೇದು ಮಾಡಿರ್ತಿದ್ದೆ, ಅಕ್ಕ."

ಮಣಿಯಕ್ಕ ಮೇಲೆ ನೋಡಿದರು, ಸೂರಿನ ಕಡೆ. ಸೂರಿನ ಮೇಲೆ ಅವರ ಮೇಜಿತ್ತು, ಮೇಜಿನ ಮೇಲೆ ಮೂರು ಎಲೆ, ಒಂದು ಕಲ್ಲು, ಒಂದು ಮುಳ್ಳು ಬೇರೆಬೇರೆಯಾಗಿ ಬಿದ್ದಿದ್ದವು.

"ಈಗ ಹೇಗಿದೆ?" ಆ ಕಡೆಯಿಂದ ಕೇಳಿತು.

"ಹಾಗೇ ಇದೆ" ಎಂದರು.

"ಸರಿ ಹಾಗಾದ್ರೆ. ನಿನ್ನ ಹತ್ರಾನೇ ಇರಲಿ." ಮತ್ತೆ ಕುರ್ಚಿಯ ಸದ್ದು. "ಬೆನ್ನು ಹೇಗಿದೆ?"

"ಇದೆ. ನಿನ್ನ ಮಂಡಿ?"

"ಅದೂ ಇದೆ."

ಅಷ್ಟೇ. ಎರಡು ನಿಮಿಷವೂ ಆಗಿರಲಿಲ್ಲ. ಫೋನನ್ನು ಅವರು ಕೋಟಿನ ತೋಳಿನಿಂದ ಒರೆಸಿ ಹಿಂದಿರುಗಿಸಿದರು. ನನಗಾದರೋ ಹಬ್ಬ. ತಂಗಿ ಬದುಕಿದ್ದಾಳೆ, ಅಕ್ಕ ಎಂದು ಕರೆದಿದ್ದಾಳೆ, ಬೆನ್ನು ಕೇಳಿದ್ದಾಳೆ. ಹದಿನಾರು ವರ್ಷದ ಬೀಗಕ್ಕೆ ಇನ್ನೇನು ಬೇಕು, ನಡೆಯಿರಿ, ಈಗಲೇ ಬಸ್ಸು ಹತ್ತಿ ಹೋಗಿ ಬನ್ನಿ ಎಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

"ಹೇಗೆ ಹೋಗಲಿ? ಹಾಗೇ ಇದೆ ಅಂತ ಹೇಳಿದೀನಿ."

ಮರುದಿನದಿಂದ ಮೇಲೆ ಅರದ ಸದ್ದು ಮತ್ತೆ ಶುರುವಾಯಿತು. ಪಿನ್ನನ್ನು ಮೊದಲಿದ್ದಂತೆಯೇ, ಮುದ್ದೆ ಬೆಸುಗೆ ಸಮೇತ, ಡೊಂಕು ಸಮೇತ ಮರಳಿ ಕೂಡಿಸಬೇಕು. ಇದಕ್ಕಿಂತ ಕಷ್ಟದ ಕೆಲಸವನ್ನು ಅವರು ಜೀವಮಾನದಲ್ಲಿ ಮಾಡಿರಲಿಲ್ಲವೆಂದು ಕಾಣುತ್ತದೆ. ಮೂವತ್ತೇಳು ವರ್ಷ ನುರಿತ ಕೈ ಎಷ್ಟು ಹಾಳು ಮಾಡಲು ಹೋದರೂ ಚೆನ್ನಾಗಿ ಮಾಡಿಬಿಡುತ್ತಿತ್ತು. ಬೆಸುಗೆ ನೀರಿನಂತೆ ಹರಿದು ಸಂದಿನೊಳಗೆ ಕಣ್ಮರೆಯಾಗುತ್ತಿತ್ತು, ಕರಗಿಸಿ ಮತ್ತೆ ಕೂಡಿಸಿದರೆ ಇನ್ನೂ ನಾಜೂಕಾಗುತ್ತಿತ್ತು. ಒಂದು ದಿನ ಹೋದಾಗ ಹತಾಶರಾಗಿ ಕೂತಿದ್ದರು. "ಅಷ್ಟು ಕೆಟ್ಟದಾಗಿ ಮಾಡಕ್ಕೆ ಈಗ ಬರ್ತಾ ಇಲ್ಲ" ಎಂದರು. ಒಬ್ಬ ಲೇಖಕಿಯಾಗಿ ನಾನು ಈ ವಿಷಯದಲ್ಲಿ ಸಹಾಯ ಮಾಡಬಹುದಿತ್ತು, ಆದರೆ ಸಾಮಗ್ರಿ ಬೇರೆ.

ಕೊನೆಗೆ ಉಪಾಯ ಹೊಳೆದದ್ದು ಅವರಿಗೇ. ಕಚ್ಚಿದ ಊದುಗೊಳವೆಯನ್ನು ಬಲಗೈ ಬಿಟ್ಟು ಎಡಗೈಯಲ್ಲಿ ಹಿಡಿದರು. ಬೆಸುಗೆ ಮುದ್ದೆಯಾಯಿತು, ಜ್ವಾಲೆ ನಡುಗಿತು, ಎಲೆ ಡೊಂಕಾಯಿತು. ಗಿಳಿಯ ಅರ್ಧ ಚೂರನ್ನು ಅದರ ಜಾಗದಲ್ಲಿಟ್ಟು, ಮೇಲೆ ಕಲ್ಲನ್ನು ಕೂರಿಸಿದರು. ಸವೆದ ಮುಳ್ಳನ್ನೇ ಮತ್ತೆ ಬೆಸೆದರು. ಮುರಿಯುತ್ತದೆಂದು ನಾನೆಂದೆ. ಚುಚ್ಚುತ್ತದೆ ಕೂಡ ಎಂದೆ. "ಚುಚ್ಚಲಿ" ಎಂದರು. "ಚುಚ್ಚದೆ ಇದ್ರೆ ಅದು ಅವಳದ್ದಲ್ಲ."

ಇಷ್ಟಾಗಿ ವರ್ಷವಾಗುತ್ತ ಬಂತು. ಪಿನ್ನು ಈಗ ಮೇಜಿನ ಬಲಬದಿಯ ಡಬ್ಬದಲ್ಲಿ ಹತ್ತಿಯೊಳಗೆ ಮಲಗಿದೆ. ಕೊಟ್ಟು ಬರೋಣವೇ ಎಂದು ಬೆಸೆದು ಮುಗಿಸಿದ ವಾರವೇ ಕೇಳಿದ್ದೆ. "ಕೇಳಿದಾಗ" ಎಂದರು. ಆಕೆ ಕೇಳುವವಳಲ್ಲ, ಪಿನ್ನು ಅಕ್ಕನ ಹತ್ತಿರವೇ ಇರಲೆಂದು ಬಿಟ್ಟುಕೊಟ್ಟವಳು. ಈಕೆ ಕರೆಯದೆ ಹೋಗುವವರಲ್ಲ. ನನ್ನ ಫೋನಿಗೆ ಆ ನಂಬರಿನಿಂದ ಒಮ್ಮೆ ಕರೆ ಬಂದಿತ್ತು, ಎತ್ತುವಷ್ಟರಲ್ಲಿ ನಿಂತುಹೋಯಿತು. ಮೇಲೆ ಓಡಿಹೋಗಿ ಹೇಳಿದೆ. ಮಣಿಯಕ್ಕ ಮಣಿ ಪೋಣಿಸುವುದನ್ನು ನಿಲ್ಲಿಸಿ, "ಕೈ ತಪ್ಪಿ ಒತ್ತಿರಬೇಕು" ಎಂದು ತೀರ್ಮಾನಿಸಿದರು. ಅಪರಿಚಿತರ ಹಲ್ಲಿನ ಗುರುತಿನಿಂದ ಇಡೀ ಸಂಸಾರವನ್ನು ಓದುವವರಿಗೆ ಒಂದು ತಪ್ಪಿದ ಕರೆಯನ್ನು ಓದಲು ಬರಲಿಲ್ಲ. ಭಾನುವಾರಗಳಲ್ಲಿ ಎಂದಿನಂತೆ ಸಂತೆಗೆ ಹೋಗುತ್ತಾರೆ. ಬೀದಿಯಲ್ಲಿ ಎಲ್ಲರೂ ಎಂದಿನಂತೆ ನೆಲ ನೋಡುತ್ತಾರೆ.

ಈ ಜಾತಿಯ ಜನರನ್ನು ನಾನು ಬೇರೆ ಕಡೆಗಳಲ್ಲೂ ಕಂಡಿದ್ದೇನೆ. ಗಡಿಯಾರ ರಿಪೇರಿಯವರಲ್ಲಿ, ಪುಸ್ತಕಕ್ಕೆ ರಟ್ಟು ಹಾಕುವವರಲ್ಲಿ, ಯಾರದೋ ಕಿತ್ತ ಗುಂಡಿಗಳನ್ನು ಜೀವನಪೂರ್ತಿ ಹೊಲಿದುಕೊಟ್ಟ ನಮ್ಮ ಒಬ್ಬ ಸೋದರತ್ತೆಯಲ್ಲಿ. ಪ್ರೀತಿಯಲ್ಲಿ ಇವರದು ಬಡತನವಲ್ಲ, ನಮ್ಮ ನಿಮ್ಮಲ್ಲಿರುವುದಕ್ಕಿಂತ ಒಂದು ಹಿಡಿ ಹೆಚ್ಚೇ ಇದೆ. ಅದು ಬೆರಳ ತುದಿಗೆ ಬರುತ್ತದೆ, ನಾಲಗೆಯವರೆಗೆ ಬರುವುದಿಲ್ಲ, ಅಷ್ಟೇ. ಎಂದೋ ಒಮ್ಮೆ ಕೈಯಿಂದ ಆದ ಒಂದು ಅನಾಹುತಕ್ಕಾಗಿ ಆ ಕೈಗೆ ಸಾವಿರ ವಸ್ತುಗಳ ಸೇವೆಯನ್ನು ಶಿಕ್ಷೆಯಾಗಿ ವಿಧಿಸಿಕೊಂಡು, ಶಿಕ್ಷೆ ಮುಗಿಯಿತೆಂದು ಯಾರಾದರೂ ಬಂದು ಹೇಳುವರೆಂದು ಕಾಯುತ್ತ ಕೂತಿರುತ್ತಾರೆ. ನಾವು ಅವರ ಬಾಗಿಲು ತಟ್ಟುವುದು ಏನಾದರೊಂದು ಮುರಿದುಕೊಂಡಾಗ. ಅವರೂ ನಮ್ಮ ಮುಖಕ್ಕಿಂತ ಮೊದಲು ನಮ್ಮ ಕೈಯಲ್ಲಿರುವುದನ್ನು ನೋಡುತ್ತಾರೆ, ಇಸಿದುಕೊಳ್ಳುತ್ತಾರೆ, ಪಾಪ ಎನ್ನುತ್ತಾರೆ, ಸರಿಮಾಡಿ ಕೊಡುತ್ತಾರೆ. ಬರಿಗೈಯಲ್ಲಿ ಬಂದವರನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯುವುದಿಲ್ಲ. ಬರಿಗೈಯಲ್ಲಿ ಒಬ್ಬರ ಮನೆಗೆ ಹೋಗಬಹುದು ಎನ್ನುವುದಂತೂ ಅವರಿಗೆ ಯಾರೂ ಹೇಳಿಕೊಟ್ಟಂತಿಲ್ಲ.